ಅಂಗಡಿಯಲ್ಲಿ ಗುಲಾಬಿಗೆ ಗೋಡೆ ಎದ್ದಿದ್ದು ಯಾವಾಗ?

ಶಿರಸಿಯಲ್ಲೋ ಕಾರವಾರದಲ್ಲೋ ಒಂದು ಆಟಿಕೆ ಅಂಗಡಿಗೆ ಹೋಗಿ ನಿಂತರೆ, ಹುಡುಗಿಯರ ಸಾಮಾನು ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಗೋಡೆಯ ಒಂದು ಬದಿ ಪೂರ್ತಿ ಗುಲಾಬಿ. ಗೊಂಬೆ, ಗೊಂಬೆಯ ಬಾಚಣಿಕೆ, ಅಡುಗೆ ಸೆಟ್ಟು, ನೀರಿನ ಬಾಟಲಿ, ಕಂಪಾಸ್ ಪೆಟ್ಟಿಗೆ, ಸ್ಕೂಲ್ ಬ್ಯಾಗು, ಮೂರು ಗಾಲಿ ಸೈಕಲ್ಲು ಎಲ್ಲವೂ ಅದೇ ಬಣ್ಣ. ಎದುರು ಬದಿಯಲ್ಲಿ ನೀಲಿ, ಕಪ್ಪು, ಕೆಂಪು, ಹಸಿರು. ಹುಡುಗರಿಗೆ ನಾಲ್ಕಾರು ಬಣ್ಣ ಸಿಕ್ಕಿವೆ, ಹುಡುಗಿಯರಿಗೆ ಒಂದು.

ಗುಲಾಬಿ ಬಣ್ಣ ನನಗೂ ಇಷ್ಟ. ಯಾವ ಮಗುವಿನ ಕೈಯಿಂದಲೂ ಅದನ್ನು ಕಿತ್ತುಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಇರುವುದು ಆ ಎರಡು ಬದಿಗಳ ಬಗ್ಗೆ. ಹೀಗೆ ಬೇರೆ ಮಾಡಿದವರು ಯಾರು, ಯಾಕೆ ಮಾಡಿದರು, ಅದರ ಖರ್ಚು ಯಾರ ಕಿಸೆಯಿಂದ ಹೋಗುತ್ತಿದೆ? ಉತ್ತರದ ಅರ್ಧ ಅಮೆರಿಕದಲ್ಲಿದೆ. ಉಳಿದರ್ಧ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆ, ಜಾತ್ರೆ, ಪೇಟೆಯಲ್ಲೇ ಸಿಗುತ್ತದೆ.

ಮೊದಲು ಬಾರ್ಬಿಯ ವಿಷಯ. ಗುಲಾಬಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅವಳೇ ಅಲ್ವಾ? ಆದರೆ ಅವಳು ಗುಲಾಬಿ ಉಟ್ಟುಕೊಂಡು ಬಂದವಳಲ್ಲ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಈ ಗೊಂಬೆಯನ್ನು ತೋರಿಸಿದಾಗ ಅದರ ಮೈಮೇಲೆ ಇದ್ದಿದ್ದು ಕಪ್ಪು ಬಿಳಿ ಪಟ್ಟೆಯ ಈಜುಡುಗೆ. ಎತ್ತರ ಹನ್ನೊಂದೂವರೆ ಇಂಚು, ಬೆಲೆ 3 ಡಾಲರ್. 1962ರಲ್ಲಿ ಬಂದ ಅವಳ ಮೊದಲ ಮನೆ ರಟ್ಟಿನದು. ಅದೂ ಗುಲಾಬಿ ಮನೆ ಆಗಿರಲಿಲ್ಲ.

ಬಣ್ಣ ಹೇಗೆ ಏರಿತು ಅನ್ನುವುದಕ್ಕೆ ಎರಡು ಗೊಂಬೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. 1965ರಲ್ಲಿ ಮ್ಯಾಟೆಲ್ ಗಗನಯಾತ್ರಿ ಬಾರ್ಬಿಯನ್ನು ತಂದಿತು. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಇನ್ನೂ ನಾಲ್ಕು ವರ್ಷ ಇತ್ತು. ಆ ಗೊಂಬೆಗೆ ನಿಜವಾದ ಗಗನಯಾತ್ರಿಗಳ ಹಾಗೆ ಬೆಳ್ಳಿ ಬಣ್ಣದ ಸೂಟು. 1980ರ ದಶಕದ ನಡುವೆ ಮತ್ತೊಂದು ಗಗನಯಾತ್ರಿ ಬಾರ್ಬಿ ಬಂತು. ಈ ಸಲ ಮಿರಮಿರ ಮಿಂಚುವ ಗುಲಾಬಿ, ಉಬ್ಬಿದ ತೋಳು. ಅದೇ ಕೆಲಸ, ಅದೇ ಆಕಾಶ. ನಡುವಿನ ಇಪ್ಪತ್ತು ವರ್ಷದಲ್ಲಿ ಬದಲಾಗಿದ್ದು ಅಂಗಡಿ. 1977ರ ಸೂಪರ್‌ಸ್ಟಾರ್ ಬಾರ್ಬಿ ಗುಲಾಬಿ ಗೌನಿನಲ್ಲಿ ಗುಲಾಬಿ ಪೆಟ್ಟಿಗೆಯೊಳಗೆ ಬಂದಳು. ಅಲ್ಲಿಂದ ಮುಂದೆ ಪೆಟ್ಟಿಗೆ ದೂರದಿಂದಲೇ ಕೂಗಿ ಕರೆಯುವ ಹಾಗಾಯಿತು. ಸಾಲು ಸಾಲು ಡಬ್ಬಗಳ ನಡುವೆ ಓದಲು ಬಾರದ ಮಗುವೂ ಅದನ್ನು ಗುರುತಿಸುತ್ತದೆ. ಬಣ್ಣಗಳಿಗೆ ನಂಬರು ಕೊಡುವ ಪ್ಯಾಂಟೋನ್ ಕಂಪನಿಯ ಪಟ್ಟಿಯಲ್ಲಿ ಇವತ್ತು ಅದಕ್ಕೊಂದು ನಂಬರೂ ಇದೆ, ಪ್ಯಾಂಟೋನ್ 219.

ಓದಲು ಬಾರದ ಮಗುವೇ ಗಿರಾಕಿ ಅನ್ನುವ ಲೆಕ್ಕವನ್ನು ಮ್ಯಾಟೆಲ್ ಇನ್ನೂ ಮೊದಲೇ ಹಾಕಿತ್ತು. 1955ರಲ್ಲಿ ಅದು ಮಿಕ್ಕಿ ಮೌಸ್ ಕ್ಲಬ್ ಅನ್ನುವ ಟಿವಿ ಕಾರ್ಯಕ್ರಮಕ್ಕೆ ಇಡೀ ವರ್ಷದ ಜಾಹೀರಾತು ಕೊಟ್ಟಿತು. ಅಲ್ಲಿಯವರೆಗೆ ಆಟಿಕೆ ಜಾಹೀರಾತು ಹೆಚ್ಚಾಗಿ ಕ್ರಿಸ್‌ಮಸ್ ಹೊತ್ತಿಗೆ, ಅಪ್ಪ ಅಮ್ಮನಿಗೆ. ಆಮೇಲೆ ನೇರವಾಗಿ ಮಗುವಿಗೆ, ವರ್ಷವಿಡೀ. 1984ರಲ್ಲಿ ಅಮೆರಿಕ ಸರಕಾರ ಮಕ್ಕಳ ಟಿವಿಯ ಜಾಹೀರಾತಿನ ಮೇಲಿದ್ದ ಮಿತಿಯನ್ನೂ ಸಡಿಲ ಮಾಡಿತು. ಆಗ ಮಕ್ಕಳ ಪ್ರಪಂಚವನ್ನು ಹುಡುಗ, ಹುಡುಗಿ ಅಂತ ಸೀಳಿ ಇಬ್ಬರಿಗೂ ಬೇರೆ ಬೇರೆ ಮಾರುವುದು ಜೋರಾಯಿತು.

ಅದಕ್ಕೂ ಮುಂಚೆ? ಮುಂಚೆ ಎಲ್ಲಾ ಗೊಂದಲ. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣ, ಹುಡುಗರಿಗೆ ಸರಿ, ನೀಲಿ ನಾಜೂಕು, ಹುಡುಗಿಯರಿಗೆ ಚೆಂದ ಎಂದು ಬರೆದಿತ್ತು. ಎಲ್ಲರೂ ಅದನ್ನು ಕೇಳಿದರು ಎಂದೇನಲ್ಲ. 1927ರಲ್ಲಿ ಟೈಮ್ ಪತ್ರಿಕೆ ದೊಡ್ಡ ಊರುಗಳ ಅಂಗಡಿಗಳನ್ನು ವಿಚಾರಿಸಿದಾಗ ಕೆಲವರು ಹುಡುಗರಿಗೆ ಗುಲಾಬಿ ಅಂದರು, ಕೆಲವರು ಹುಡುಗಿಯರಿಗೆ. ಇನ್ನೂ ಹಿಂದೆ ಹೋದರೆ ಚಿಕ್ಕ ಮಕ್ಕಳಿಗೆಲ್ಲ ಬಿಳಿ ಫ್ರಾಕು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡೂವರೆ ವರ್ಷದವರಿದ್ದಾಗ, 1884ರಲ್ಲಿ ತೆಗೆಸಿದ ಫೋಟೋದಲ್ಲಿ ಉದ್ದ ಕೂದಲು ಬಿಟ್ಟು ಬಿಳಿ ಫ್ರಾಕ್ ಹಾಕಿಕೊಂಡು ಕೂತಿದ್ದಾರೆ.

ಈ ಫೋಟೋ ನಮಗೆ ವಿಚಿತ್ರ ಅನಿಸಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೇ ಆಲ್ಬಮ್ ತೆಗೆಸಿ ನೋಡಿ. ಚೌಲಕ್ಕೆ ಮೊದಲು ಗಂಡು ಮಗುವಿಗೆ ಲಂಗ ಉಡಿಸಿ, ಜಡೆ ಹೆಣೆದು, ಮೊಗ್ಗು ಮುಡಿಸಿ, ಕಾಡಿಗೆ ಹಚ್ಚಿ, ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ತೆಗೆಸಿದ ಫೋಟೋ ಬಹಳ ಮನೆಗಳಲ್ಲಿದೆ. ಈಗ ಮೀಸೆ ಬಿಟ್ಟುಕೊಂಡು ತೋಟ ನೋಡಿಕೊಳ್ಳುವ ದೊಡ್ಡಪ್ಪ ಅದರಲ್ಲಿ ಕೈ ತುಂಬ ಬಳೆ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತಿರುತ್ತಾರೆ. ಮಗುವಿನ ತಲೆಕೂದಲು ಚೆಂದ ಇದೆ, ತೆಗೆಸುವ ಮೊದಲು ಒಂದು ನೆನಪಿರಲಿ, ಅಷ್ಟೇ. ಹುಟ್ಟಿದ ಮಗುವಿಗಂತೂ ತೊಟ್ಟಿಲು ಹಾಕುವ ದಿನದವರೆಗೆ ಹೊಸ ಬಟ್ಟೆಯೇ ಇರಲಿಲ್ಲ. ಅಜ್ಜಿಯ ಹಳೇ ಸೀರೆ, ಅಜ್ಜನ ಮೆತ್ತಗಾದ ಪಂಚೆ. ಯಾವ ಬಣ್ಣದ್ದು ಅಂತ ಯಾರು ನೋಡುತ್ತಿದ್ದರು?

ಇಲ್ಲಿ ಅಮೆರಿಕಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಲ್ಲಿ 1980ರ ದಶಕದಲ್ಲಿ ಸ್ಕ್ಯಾನಿಂಗ್ ಸಾಮಾನ್ಯವಾದಾಗ, ಹುಟ್ಟುವ ಮೊದಲೇ ಹುಡುಗನೋ ಹುಡುಗಿಯೋ ಅಂತ ಗೊತ್ತಾಯಿತು. ಅಪ್ಪ ಅಮ್ಮ ಮೊದಲೇ ಪೇಟೆಗೆ ಹೋಗಿ ಕೋಣೆಗೆ ಬಣ್ಣ, ತೊಟ್ಟಿಲು, ಹಾಸಿಗೆ ಎಲ್ಲವನ್ನೂ ಗುಲಾಬಿಯಲ್ಲೋ ನೀಲಿಯಲ್ಲೋ ಕೊಂಡು ತಂದರು. ನಮ್ಮಲ್ಲಿ ಅದು ಅಪರಾಧ. ಹೆಣ್ಣು ಭ್ರೂಣದ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಲಿಂಗಪತ್ತೆಯನ್ನು ನಿಷೇಧಿಸಿದೆ, ಅದು ಇರಲೇಬೇಕು. ಹಾಗಾಗಿ ನಮ್ಮಲ್ಲಿ ಗುಲಾಬಿಯ ಖರೀದಿ ಹುಟ್ಟಿದ ಮೇಲೆ ಶುರುವಾಗುತ್ತದೆ. ನಾಮಕರಣದ ಹಾಲ್‌ನಲ್ಲಿ ಬಲೂನಿನ ಕಮಾನು, ಮೊದಲ ಬರ್ತ್‌ಡೇ ಬ್ಯಾನರು, ಕೇಕಿನ ಮೇಲೆ ಸಕ್ಕರೆಯ ಕಿರೀಟ. ಡೆಕೋರೇಷನ್ ಮಾಡುವವರು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ, 'ಮಗು ಗಂಡೋ ಹೆಣ್ಣೋ?' ಉತ್ತರ ಸಿಕ್ಕರೆ ಸಾಕು, ಉಳಿದದ್ದೆಲ್ಲ ಅವರೇ ತೀರ್ಮಾನ ಮಾಡುತ್ತಾರೆ.

2023ರ ಬಾರ್ಬಿ ಸಿನಿಮಾ ಇದಕ್ಕೆ ಇನ್ನಷ್ಟು ಗಾಳಿ ಹಾಕಿತು. ಗ್ರೆಟಾ ಗರ್ವಿಗ್ ನಿರ್ದೇಶನದ ಆ ಚಿತ್ರ ಜಗತ್ತಿನಾದ್ಯಂತ 140 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಚಿತ್ರದ ಕಥೆ ಈ ಗೋಡೆಯನ್ನೇ ಪ್ರಶ್ನೆ ಮಾಡುತ್ತದೆ, ಸರಿ. ಆದರೆ ನನಗೆ ಅದರ ಪ್ರಚಾರದ ಒಂದು ಬೋರ್ಡು ಕಥೆಗಿಂತ ಮುಖ್ಯ ಅನಿಸುತ್ತದೆ. ರಸ್ತೆ ಬದಿಯ ದೊಡ್ಡ ಫಲಕ ಪೂರ್ತಿ ಗುಲಾಬಿ. ಮೂಲೆಯಲ್ಲಿ ಬಿಡುಗಡೆಯ ತಾರೀಕು, ಜುಲೈ 21. ಚಿತ್ರದ ಹೆಸರಿಲ್ಲ, ನಟಿಯ ಮುಖವಿಲ್ಲ. ಜನರಿಗೆ ಅರ್ಥವಾಯಿತು. ಹೆಸರು ಮಾಡಬೇಕಿದ್ದ ಕೆಲಸವನ್ನು ಬಣ್ಣವೇ ಮಾಡಿತು.

ಇದನ್ನು ನಮ್ಮ ಜಾತ್ರೆ ಅಂಗಡಿಯವರು ಯಾವತ್ತೋ ಕಂಡುಕೊಂಡಿದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದುಗೆಯ ಸುತ್ತ ಸಾಲು ಹಿಡಿದು ಬಳೆ, ಆಟಿಕೆ ಅಂಗಡಿ. ಅಲ್ಲಿ ತೂಗುಹಾಕಿದ ಹಳದಿ ಕೂದಲಿನ ಗೊಂಬೆಗಳನ್ನು ಎಲ್ಲರೂ ಬಾರ್ಬಿ ಅಂತಲೇ ಕರೆಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮ್ಯಾಟೆಲ್‌ನದ್ದಲ್ಲ. ಕೈ ತಿರುಗಿಸಿದರೆ ಭುಜದ ಕೀಲು ಕಳಚಿ ಬರುತ್ತದೆ, ತಲೆ ಟೊಳ್ಳು, ಕೂದಲನ್ನು ಹಣೆಯ ಮೇಲೆ ಒಂದೇ ಸಾಲು ಹೊಲಿದು ಹಿಂದೆ ಬೋಳು ಬಿಟ್ಟಿರುತ್ತಾರೆ. ಆದರೆ ಪೆಟ್ಟಿಗೆ ಮಾತ್ರ ಅಚ್ಚುಕಟ್ಟು ಗುಲಾಬಿ. ಹೆಸರನ್ನು ಕದ್ದರೆ ಕೇಸು ಬೀಳುತ್ತದೆ, ಪೆಟ್ಟಿಗೆಗೆ ಗುಲಾಬಿ ಬಳಿದರೆ ಸುಲಭಕ್ಕೆ ಯಾರೂ ಕೇಳುವುದಿಲ್ಲ. ಗೊಂಬೆಯನ್ನು ಚೆನ್ನಾಗಿ ಮಾಡುವ ಖರ್ಚಿಗಿಂತ ಬಣ್ಣದ ಖರ್ಚು ಎಷ್ಟೋ ಕಮ್ಮಿ.

ಸರಕಾರ 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕವನ್ನು 20ರಿಂದ 60 ಶೇಕಡಾಕ್ಕೆ ಏರಿಸಿತು. 2023ರಲ್ಲಿ ಅದು 70 ಆಯಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇಲ್ಲಿಯ ಕಾರ್ಖಾನೆಗಳಿಗೆ ಕೆಲಸ ಸಿಗಲಿ, ಮಕ್ಕಳ ಬಾಯಿಗೆ ವಿಷ ಹೋಗದಿರಲಿ ಅನ್ನುವುದು ಉದ್ದೇಶ, ಒಳ್ಳೆಯದೇ. ಆದರೆ ಗೊಂಬೆ ಸ್ವದೇಶಿ ಆದರೂ ಬಣ್ಣದ ಭಾಗಾಕಾರ ಹಾಗೇ ಉಳಿಯಿತು. ಚೀನಾದ ಪೆಟ್ಟಿಗೆ ಹೋಗಿ ನಮ್ಮದೇ ಪೆಟ್ಟಿಗೆ ಬಂತು, ಅದೇ ಗುಲಾಬಿಯಲ್ಲಿ.

ಜಾತ್ರೆಯ ಇನ್ನೊಂದು ಗುಲಾಬಿಯ ಕಥೆಯನ್ನೂ ಇಲ್ಲೇ ಹೇಳಬೇಕು. 2024ರ ಮಾರ್ಚ್‌ನಲ್ಲಿ, ಶಿರಸಿ ಜಾತ್ರೆ ನಡೆದ ಅದೇ ತಿಂಗಳು, ರಾಜ್ಯ ಸರಕಾರ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತ ಅಂತ ಬಂದಿತ್ತು. ಸಿಕ್ಕ ಬಣ್ಣಗಳಲ್ಲಿ ಒಂದು ರೋಡಮಿನ್ ಬಿ. ಬಟ್ಟೆಗೆ ಹಾಕುವ ಬಣ್ಣ ಅದು. ಸಕ್ಕರೆ ಬಿಳಿಯಾಗಿಯೇ ನೂಲಾಗುತ್ತದೆ, ರುಚಿಯೂ ಅದೇ. ಆದರೂ ಅದಕ್ಕೆ ಬಣ್ಣ ಬೇಕೇ ಬೇಕು, ಯಾಕೆಂದರೆ ಮಗು ಅಪ್ಪನ ಕೈ ಎಳೆಯುವುದು ಗುಲಾಬಿಯನ್ನು ನೋಡಿ. ಮಾರುವವನಿಗೆ ಈ ಬಣ್ಣದ ಶಕ್ತಿ ಎಷ್ಟು ಅನ್ನುವುದಕ್ಕೆ ಇದಕ್ಕಿಂತ ಕೆಟ್ಟ ಸಾಕ್ಷಿ ಬೇಕಿಲ್ಲ.

ಇಷ್ಟಾದರೂ ನನಗೆ ಧೈರ್ಯ ಕೊಡುವ ವಿಷಯ ಒಂದಿದೆ. ನಮ್ಮ ಜಿಲ್ಲೆಯಲ್ಲಿ ಗುಲಾಬಿ ಯಾವತ್ತೂ ಒಬ್ಬರ ಸೊತ್ತಾಗಿರಲಿಲ್ಲ. ಅಮೆರಿಕದ ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲ್ಯಾಂಡ್, ಭಾರತದವರಿಗೆ ಗುಲಾಬಿಯೇ ನೇವಿ ಬ್ಲೂ ಎಂದಿದ್ದರು. ತಮ್ಮ ಕಡೆ ನೇವಿ ಬ್ಲೂ ಹೇಗೆ ದಿನಬಳಕೆಯ ಬಣ್ಣವೋ ನಮ್ಮಲ್ಲಿ ಗುಲಾಬಿ ಹಾಗೆ ಎಂಬ ಅರ್ಥದಲ್ಲಿ. ಕರಾವಳಿಯಲ್ಲಿ ನಿಂತು ನೋಡಿದರೆ ಆ ಮಾತು ಸುಳ್ಳಲ್ಲ. ಕಾರವಾರದ ಯಾವುದೇ ಮೀನೂಟದ ಹೋಟೆಲಿನಲ್ಲಿ ಕೂತುಕೊಳ್ಳಿ. ಊಟದ ಜೊತೆ ಲೋಟದಲ್ಲಿ ಸೋಲ್‌ಕಡಿ ಬರುತ್ತದೆ. ಒಣ ಮುರುಗಲು ಸಿಪ್ಪೆ ನೆನೆಸಿದ ನೀರಿಗೆ ತೆಂಗಿನ ಹಾಲು ಬೆರೆತ ಕೂಡಲೇ ಕಡುಗೆಂಪು ತಿಳಿಯಾಗಿ, ಬೊಂಬಾಟ್ ಗುಲಾಬಿ. ದೋಣಿಯಿಂದ ಇಳಿದು ಬಂದ ಗಂಡಸರು ಅದನ್ನು ಎರಡೆರಡು ಲೋಟ ಕುಡಿದು ಏಳುತ್ತಾರೆ.

ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನೋಡಿದವರಿಗೆ ಆ ತುರಾಯಿ ಗೊತ್ತು. ಬೆಂಡಿನ ಹೂವು, ಹಕ್ಕಿ, ಬಣ್ಣದ ಕಾಗದ, ಕೆಂಪು ಗುಲಾಬಿ ಹಳದಿ ಎಲ್ಲ ತುಂಬಿ ತಲೆಯ ಮೇಲೆ ಅರಳಿದ ಹಾಗೆ. ಅದನ್ನು ಹೊತ್ತು ಕುಣಿಯುವವರು ಗಂಡಸರು. ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಬನ್ನಿ. ಹೊನ್ನಾವರದ ಕೆರೆಮನೆಯವರ ಮೇಳ 1934ರಿಂದ ಆಡುತ್ತಿದೆ. ರಾಜವೇಷಕ್ಕೆ ಮುಖಕ್ಕೆ ಹಚ್ಚುವ ಮೊದಲ ಲೇಪ ಬಿಳಿ, ಹಳದಿ, ಕೆಂಪು ಕಲಸಿದ ನಸುಗುಲಾಬಿ. ಅದರ ಮೇಲೆ ಆಮೇಲೆ ನಾಮ, ಹುಬ್ಬು, ಮೀಸೆ. ರಂಗಸ್ಥಳದಲ್ಲಿ ಅಬ್ಬರಿಸುವ ಅರ್ಜುನನ ಮುಖದ ತಳದಲ್ಲಿ ಇರುವುದು ಅದೇ ಬಣ್ಣ. ಇಂಥ ಊರಿನಲ್ಲಿ ಹುಟ್ಟಿದ ಹುಡುಗನಿಗೆ ಗುಲಾಬಿ ನೀರಿನ ಬಾಟಲಿ ಹಿಡಿಯಲು ನಾಚಿಕೆ ಯಾಕಾಗಬೇಕು?

ನಾಚಿಕೆಯನ್ನು ಕಲಿಸುತ್ತಾರೆ, ಅದಕ್ಕೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಏಳು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಒಂದೇ ಥರದ ಎರಡು ವಸ್ತು ಇಟ್ಟರು. ಒಂದು ಗುಲಾಬಿ, ಇನ್ನೊಂದು ಬೇರೆ ಬಣ್ಣ. ತೀರಾ ಚಿಕ್ಕ ಮಕ್ಕಳಲ್ಲಿ ಹುಡುಗ ಹುಡುಗಿಯರ ನಡುವೆ ವ್ಯತ್ಯಾಸವೇ ಇರಲಿಲ್ಲ. ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ ಹುಡುಗಿಯರು ಗುಲಾಬಿಯತ್ತ ವಾಲಿದರು. ಹುಡುಗರು ದೊಡ್ಡವರಾದಷ್ಟೂ ಅದರಿಂದ ದೂರ ಸರಿದರು. ಮಗುವಿಗೆ ತಾನು ಹುಡುಗ, ತಾನು ಹುಡುಗಿ ಅಂತ ತಿಳಿಯುವ ವಯಸ್ಸೂ ಅದೇ. 2021ರ ಇನ್ನೊಂದು ಅಧ್ಯಯನ ಪೆರು, ವನವಾಟು, ಕಾಂಗೋದ ಸಣ್ಣ ಸಮುದಾಯಗಳಿಗೆ ಹೋಯಿತು. ಪೇಟೆಯ ಆಟಿಕೆ, ಜಾಹೀರಾತಿನಿಂದ ದೂರ ಇರುವ ಆ ಮಕ್ಕಳಲ್ಲಿ ಗುಲಾಬಿ ಹುಡುಗಿಯರದ್ದು ಅನ್ನುವ ಒಲವು ಕಾಣಲಿಲ್ಲ. ಆಸ್ಟ್ರೇಲಿಯಾದ ನಗರದ ಮಕ್ಕಳಲ್ಲಿ ಕಂಡಿತು.

ಕಲಿಸಿದ್ದನ್ನು ಮರೆಸುವುದೂ ಸುಲಭ ಅನ್ನುವುದಕ್ಕೆ ಕಾರವಾರದ ಕಡಲ ದಂಡೆಯಲ್ಲೇ ಉದಾಹರಣೆ ಇದೆ. ಗೋವಾ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಫುಟ್ಬಾಲ್ ಹುಚ್ಚು ಸ್ವಲ್ಪ ಜಾಸ್ತಿ. ಸಂಜೆ ಮರಳಿನಲ್ಲಿ ಆಡುವ ಹುಡುಗರ ಬೆನ್ನು ನೋಡಿ. ಗುಲಾಬಿ ಜೆರ್ಸಿ, ನಂಬರ್ 10. ಅದು ಫುಟ್ಬಾಲ್ ತಾರೆ ಮೆಸ್ಸಿಯದು. ಅವರು ಗುಲಾಬಿ ಜೆರ್ಸಿಯ, ಅಮೆರಿಕದ ಇಂಟರ್ ಮಿಯಾಮಿ ತಂಡಕ್ಕೆ ಮೊದಲ ಸಲ ಆಡಿದ್ದು 2023ರ ಜುಲೈ 21ರಂದು. ಬಾರ್ಬಿ ಸಿನಿಮಾ ಬಿಡುಗಡೆಯಾದ ದಿನವೇ! ಆಟದ ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು. ಒಂದೇ ದಿನ, ಒಂದೇ ಬಣ್ಣ. ಒಂದು ಕಡೆ ಅದು ಹುಡುಗಿಯರ ಹಬ್ಬ, ಇನ್ನೊಂದು ಕಡೆ ಹುಡುಗರ ಹೆಮ್ಮೆ. ಜೈಪುರ ಪಿಂಕ್ ಪ್ಯಾಂಥರ್ಸ್ 2014ರಲ್ಲಿ ಮೊದಲ ಪ್ರೊ ಕಬಡ್ಡಿ ಗೆದ್ದಾಗಲೂ ಗುಲಾಬಿ ಹಾಕಿದವರ ತೊಡೆ ತಟ್ಟುವಿಕೆಗೆ ಯಾರೂ ನಗಲಿಲ್ಲ. ಯಾರು ಹಾಕಿಕೊಂಡಿದ್ದಾರೆ ಅನ್ನುವುದರ ಮೇಲೆ ಬಣ್ಣದ ಅರ್ಥ ನಿಲ್ಲುತ್ತದೆ. ಆದರೆ ಅದೇ ಹುಡುಗ ಮನೆಗೆ ಹೋಗಿ ಅಕ್ಕನ ಗುಲಾಬಿ ಬ್ಯಾಗು ತೆಗೆದುಕೊಂಡು ಶಾಲೆಗೆ ಹೋಗು ಅಂದರೆ ಹೋಗುವುದಿಲ್ಲ.

ನನಗೆ ಹೆಚ್ಚು ಹೊಟ್ಟೆ ಉರಿಯುವುದು ಇಲ್ಲಿ. ಶಿರಸಿಯ ಒಂದು ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಕಾಯುತ್ತಾ ನಿಂತಿದ್ದೆ. ಅಪ್ಪ, ಅಮ್ಮ, ನಾಲ್ಕೈದು ವರ್ಷದ ಹುಡುಗ ಬಂದರು. ಮನೆಯಲ್ಲಿ ಅಕ್ಕನ ಸೈಕಲ್ಲು ಇದೆಯಂತೆ. ಅವಳು ದೊಡ್ಡದಾದಳು, ಕಾಲು ತಾಗುತ್ತದೆ, ಸೈಕಲ್ಲು ಇನ್ನೂ ಗಟ್ಟಿಮುಟ್ಟು. 'ಅದನ್ನೇ ಕೊಡಬಹುದಿತ್ತು, ಆದರೆ ಪೂರ್ತಿ ಪಿಂಕ್ ಅಲ್ವಾ' ಅಂದರು ಅಮ್ಮ. ಹುಡುಗ ಮಾತ್ರ ಅಂಗಡಿಯಲ್ಲಿದ್ದ ಗುಲಾಬಿ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ ಜರಿ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸುತ್ತಿದ್ದ. 'ತಮಾ, ಅದು ಅಕ್ಕನದ್ದು, ನಿನಗೆ ನೀಲಿ ಇದೆ ನೋಡು' ಅಂದರು ಅಂಗಡಿಯವರು. ನೀಲಿಯದನ್ನು ಕೊಂಡು ಹೋದರು. ಪುಟಾಣಿಗಳ ಎರಡು ಸೈಕಲ್ಲು ಒಂದೇ ಮನೆಗೆ, ಅದೂ ಒಬ್ಬರೇ ಓಡಿಸುವ ಕಾಲಕ್ಕೆ.

ಬಣ್ಣದ ಗೋಡೆಯ ಹಿಂದಿರುವ ವ್ಯಾಪಾರ ಇದೇ. ಅಕ್ಕನ ಅಂಗಿ ತಮ್ಮನಿಗೆ, ಅಣ್ಣನ ಸ್ವೆಟರ್ ತಂಗಿಗೆ, ಚಿಕ್ಕಮ್ಮನ ಮನೆಯ ತೊಟ್ಟಿಲು ನಮ್ಮ ಮನೆಗೆ ಬರುತ್ತಿತ್ತು. ಹಾಗೆ ಕೈ ಬದಲಾಗುವ ಪ್ರತಿ ವಸ್ತುವೂ ಅಂಗಡಿಗೆ ಒಂದು ನಷ್ಟ. ಬಣ್ಣ ಬೇರೆ ಮಾಡಿದರೆ ಆ ದಾರಿ ಅರ್ಧಕ್ಕೆ ಮುಚ್ಚುತ್ತದೆ. ಅದರ ಮೇಲೆ ಬೆಲೆಯ ಪ್ರಶ್ನೆ ಬೇರೆ. 2015ರಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ ಸುಮಾರು 800 ವಸ್ತುಗಳನ್ನು ಹೋಲಿಸಿ ನೋಡಿತ್ತು. ಹೆಂಗಸರಿಗೆ, ಹುಡುಗಿಯರಿಗೆ ಅಂತ ಮಾರುವ ಸಾಮಾನಿಗೆ ಸರಾಸರಿ ಶೇಕಡಾ 7 ಜಾಸ್ತಿ ಬೆಲೆ. ಒಂದೇ ಕಂಪನಿಯ ಒಂದೇ ಥರದ ಮಕ್ಕಳ ಸ್ಕೂಟರ್, ಕೆಂಪಾದರೆ 24.99 ಡಾಲರ್, ಗುಲಾಬಿಯಾದರೆ 49.99. ನಮ್ಮ ಪೇಟೆಯಲ್ಲಿ ಇದನ್ನು ನೀವೇ ಪರೀಕ್ಷೆ ಮಾಡಬಹುದು. ರೇಜರ್, ಪೆನ್ನು, ಮಕ್ಕಳ ಚಪ್ಪಲಿ, ಏನೇ ಇರಲಿ. ಎರಡೂ ಬಣ್ಣದ ಹಿಂದೆ ಅಚ್ಚಾದ ಎಂಆರ್‌ಪಿ ಓದಿ. ಸಮ ಇದ್ದರೆ ಸಂತೋಷ. ಹೆಚ್ಚು ಕಮ್ಮಿ ಇದ್ದರೆ ಕಮ್ಮಿ ಇರುವುದನ್ನು ತನ್ನಿ.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. 'ಅಕ್ಕಾ, ಹುಬ್ಬಳ್ಳಿಯಿಂದ ಡಬ್ಬ ಬರೋದೇ ಹೀಗೆ, ಅರ್ಧ ಗುಲಾಬಿ ಅರ್ಧ ನೀಲಿ' ಅನ್ನುತ್ತಾರೆ, ಅದು ನಿಜ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಮಳಿಗೆಗಳು ಹುಡುಗ ಹುಡುಗಿ ಅನ್ನದ ಒಂದು ಆಟಿಕೆ ವಿಭಾಗ ಇಡಬೇಕು. ಹುಡುಗರ ಸಾಲು, ಹುಡುಗಿಯರ ಸಾಲು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಇಷ್ಟು ಸಣ್ಣ ಬದಲಾವಣೆಗೆ ಕಾನೂನೇ ಬೇಕಾಯಿತು ಅಲ್ಲಿ. ನಮ್ಮ ಅಂಗಡಿಗಳು ಚಿಕ್ಕವು, ಯಜಮಾನರೇ ಸಾಮಾನು ಜೋಡಿಸುತ್ತಾರೆ. ವಯಸ್ಸಿನ ಪ್ರಕಾರ ಜೋಡಿಸಿದರೆ, ಮೂರು ವರ್ಷದವರದ್ದು ಇಲ್ಲಿ, ಆರು ವರ್ಷದವರದ್ದು ಅಲ್ಲಿ ಅಂತ ಇಟ್ಟರೆ, ಗಿರಾಕಿಗೂ ಹುಡುಕಲು ಸುಲಭ. ಅಡುಗೆ ಸೆಟ್ಟಿನ ಪಕ್ಕ ಲಾರಿ ಬರುತ್ತದೆ, ಎರಡನ್ನೂ ಮುಟ್ಟಿ ನೋಡುವ ಮಗುವೂ ಬರುತ್ತದೆ.

ಶಾಲೆಗಳಿಗೆ ಇನ್ನೂ ಸುಲಭ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದ ಕೂಡಲೇ ಮನೆಗೆ ಚೀಟಿ ಬರುತ್ತದೆ, ಡ್ಯಾನ್ಸಿಗೆ ಹುಡುಗಿಯರು ಗುಲಾಬಿ ಲಂಗ, ಹುಡುಗರು ನೀಲಿ ಪ್ಯಾಂಟು. ಒಂದು ರಾತ್ರಿಯ ಹತ್ತು ನಿಮಿಷಕ್ಕೆ ಹೊಸ ಬಟ್ಟೆ. ಕೂಲಿಗೆ ಹೋಗುವ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಅದು ಸಣ್ಣ ಖರ್ಚಲ್ಲ. ಈ ಸಲ ಚೀಟಿ ಬಂದಾಗ ಟೀಚರ್ ಹತ್ತಿರ ಸುಮ್ನೆ ಕೇಳಿ ನೋಡಿ, ಮನೆಯಲ್ಲಿ ಇರುವ ಬಣ್ಣದಲ್ಲೇ ಬಂದರೆ ಆಗುತ್ತಾ ಅಂತ. ಹೆಚ್ಚಿನವರು ಬೇಡ ಅನ್ನಲಾರರು. ಅವರ ಮನೆಗೂ ಅಂಥದ್ದೇ ಚೀಟಿ ಬಂದಿರುತ್ತದೆ.